ಅಂಗಡಿ ಮುಂದೆ ಲಾರಿ ನಿಲ್ಲಲೇಬೇಕು, ಮಕ್ಕಳು ರಸ್ತೆ ದಾಟಲೇಬೇಕು. ಜಾಗ ಹೊಂದಿಸೋದು ಹೇಗೆ?

ಟೈಲ್ಸ್ ಅಂಗಡಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ಬೇಸರ ಮಾಡ್ಕೋಬೇಡಿ.

ನಮ್ಮದು ಟೈಲ್ಸ್ ಅಂಗಡಿ. ಕಟ್ಟಡಕ್ಕೆ ಹಿಂಬಾಗಿಲಿಲ್ಲ, ಪಕ್ಕದಲ್ಲಿ ಓಣಿಯೂ ಇಲ್ಲ. ಮಾಲು ಬರೋದೆಲ್ಲ ರಸ್ತೆ ಕಡೆಯಿಂದಲೇ. ವಾರಕ್ಕೆ ಎರಡು ಲಾರಿ, ಒಂದೊಂದರಲ್ಲಿ ನಮಗೆ ನೂರಿಪ್ಪತ್ತು ಪೆಟ್ಟಿಗೆ. ಇಳಿಸೋಕೆ ಒಂದು ಗಂಟೆ ಬೇಕೇ ಬೇಕು.

ಕಳೆದ ತಿಂಗಳು ಬೆಳಿಗ್ಗೆ ಹೀಗೇ ಲಾರಿ ನಿಂತಿತ್ತು, ನಾವು ಹಿಂದೆ ಇಳಿಸ್ತಾ ಇದ್ವಿ. ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಲಾರಿಯ ಮೂತಿ ಹತ್ತಿರದಿಂದ ರಸ್ತೆಗೆ ಇಳಿದಳು. ಬರ್ತಿದ್ದ ಸ್ಕೂಟರಿನವರಿಗೆ ಅವಳು ಕಂಡಿದ್ದು ಕೊನೇ ಗಳಿಗೆಯಲ್ಲಿ. ಬ್ರೇಕ್ ಸದ್ದಿಗೆ ನಾನು ತಿರುಗಿ ನೋಡೋ ಹೊತ್ತಿಗೆ ಮುಂಚಕ್ರ ಅವಳ ಶಾಲೆ ಚೀಲಕ್ಕೆ ತಾಗಿ ನಿಂತಿತ್ತು. ಚೀಲದ ಒಂದು ಪಟ್ಟಿ ಕಿತ್ತುಬಂದಿತ್ತು, ಅಷ್ಟೇ. ಹುಡುಗಿ ಅಳಲಿಲ್ಲ. ಕಿತ್ತ ಪಟ್ಟಿ ಕೈಯಲ್ಲಿ ಹಿಡ್ಕೊಂಡು ಲಾರಿ ಕಡೆ ನೋಡ್ತಾ ನಿಂತಳು. ಆ ನೋಟ ನನ್ನ ಕಣ್ಣಿಂದ ಹೋಗ್ತಿಲ್ಲ.

ಈಗ ಬೀದಿಯವರು ಸೇರಿ ಅಂಗಡಿ ಸಾಲಿನುದ್ದಕ್ಕೂ ಯಾವ ಗಾಡಿಯೂ ನಿಲ್ಲಬಾರದು ಅಂತ ಅರ್ಜಿ ಕೊಟ್ಟಿದ್ದಾರೆ. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ಅದು ಜಾರಿಗೆ ಬಂದರೆ ನಾನು ಬಾಗಿಲು ಹಾಕಬೇಕಾಗುತ್ತೆ. ಇಂಥದ್ದನ್ನ ಬೇರೆ ಕಡೆ ಹೇಗೆ ಬಗೆಹರಿಸಿದ್ದಾರೆ? ತಿಳಿದವರು ಹೇಳಿ.

ಎದುರುಮನೆ:
ಅರ್ಜಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು ಅಂತ ಮೊದಲೇ ಹೇಳಿಬಿಡ್ತೀನಿ. ನೀವು ಇಷ್ಟು ನೇರವಾಗಿ ಬರೆದಿದ್ದು ನೋಡಿ ಉತ್ತರ ಕೊಡಬೇಕು ಅನ್ನಿಸ್ತು. ನನ್ನ ಮಗನೂ ಅದೇ ಜಾಗದಲ್ಲಿ ದಾಟ್ತಾನೆ. ಲಾರಿ ನಿಂತ ದಿನ ನಾನೇ ಕೈ ಹಿಡಿದು ದಾಟಿಸಿ ಬರ್ತೀನಿ, ಆಗಲೂ ಲಾರಿ ಅಂಚಿನಿಂದ ಕತ್ತು ಚಾಚಿ ನೋಡಬೇಕು. ನನಗೇ ಹೀಗಾದರೆ ನನ್ನ ಸೊಂಟದೆತ್ತರದ ಮಗುವಿಗೆ ಏನು ಕಾಣುತ್ತೆ?

ನಿಮ್ಮ ಅಂಗಡಿ ಮುಚ್ಚಬೇಕು ಅನ್ನೋದು ನಮ್ಮ ಉದ್ದೇಶ ಅಲ್ಲ. ಬೇರೆ ದಾರಿ ಯಾರೂ ತೋರಿಸಲಿಲ್ಲ, ಅದಕ್ಕೆ ಪೂರ್ತಿ ನಿಷೇಧ ಕೇಳಿದ್ವಿ.

ರಸ್ತೆಲೆಕ್ಕ:
ಸಂಚಾರ ಯೋಜನೆ ನನ್ನ ಕೆಲಸ. ಒಂದೇ ಪ್ರಶ್ನೆ. ಲಾರಿಯ ಮೂತಿಗೂ ದಾಟುಪಟ್ಟಿಗೂ (ಜನ ರಸ್ತೆ ದಾಟೋ ಜೀಬ್ರಾ ಕ್ರಾಸಿಂಗ್) ಎಷ್ಟು ಮೀಟರ್ ಅಂತರ ಇರುತ್ತೆ? ಅಂದಾಜು ಬೇಡ, ಟೇಪ್ ಹಿಡಿದು ಅಳೆದು ಹೇಳಿ.

ಟೈಲ್ಸ್ ಅಂಗಡಿ:
ಅಳೆದೆ ಸರ್. ಮೂರು ಮೀಟರಿಗೆ ಸ್ವಲ್ಪ ಕಡಿಮೆ.

ರಸ್ತೆಲೆಕ್ಕ:
ಹಾಗಾದರೆ ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಆ ಮೂರು ಮೀಟರಿನಲ್ಲೇ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಂಥ ಜಗಳಗಳಲ್ಲಿ ಎಲ್ಲರೂ 'ಲಾರಿ ಬೇಕೋ ಬೇಡವೋ' ಅಂತ ಕೂಗಾಡ್ತಾರೆ, ಲಾರಿ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಯಾರೂ ಅಳೆಯೋದಿಲ್ಲ.

ಬ್ರಿಟನ್ನಿನ ಚಾಲಕರಿಗೆ ಕಲಿಸುವ ಲೆಕ್ಕ ಇದು: ಗಂಟೆಗೆ 32 ಕಿ.ಮೀ. ವೇಗದಲ್ಲಿರುವ ಗಾಡಿ ಪೂರ್ತಿ ನಿಲ್ಲೋಕೆ 12 ಮೀಟರ್ ಬೇಕು. 48 ಕಿ.ಮೀ. ವೇಗವಿದ್ದರೆ 23 ಮೀಟರ್. ಆ 23ರಲ್ಲಿ ಮೊದಲ 9 ಮೀಟರ್ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಮುಗಿದಿರುತ್ತೆ. ಇದೂ ರಸ್ತೆ ಒಣಗಿದ್ದಾಗ. ಈಗ ಯೋಚಿಸಿ. ಎರಡೂವರೆ ಮೀಟರ್ ಅಗಲದ, ಮೂರು ಮೀಟರಿಗಿಂತ ಎತ್ತರದ ಗೋಡೆಯಂಥದ್ದೊಂದು ದಾಟುಪಟ್ಟಿಯ ಪಕ್ಕದಲ್ಲೇ ನಿಂತಿದೆ. ಮಗು ಗೋಡೆಯ ಅಂಚಿಗೆ ಬರುವವರೆಗೂ ಸವಾರನಿಗೆ ಕಾಣೋದಿಲ್ಲ, ಮಗುವಿಗೂ ಸವಾರ ಕಾಣೋದಿಲ್ಲ. ಇಬ್ಬರ ತಪ್ಪೂ ಇಲ್ಲ. ನೋಡಲು ಬೇಕಾದ ಜಾಗವನ್ನೇ ನಾವು ಮುಚ್ಚಿಟ್ಟಿದ್ದೇವೆ.

ಅದಕ್ಕೇ ಬೇರೆ ಬೇರೆ ದೇಶಗಳು ದಾಟುಪಟ್ಟಿಯ ಹತ್ತಿರ ಜಾಗ ಖಾಲಿ ಇರಲೇಬೇಕು ಅಂತ ಕಾನೂನು ಮಾಡಿವೆ. ಜರ್ಮನಿಯಲ್ಲಿ ದಾಟುಪಟ್ಟಿಗೆ ಮುಂಚಿನ 5 ಮೀಟರಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ತಂದು 20 ಅಡಿ, ಅಂದರೆ ಸುಮಾರು 6 ಮೀಟರ್ ಬಿಡಬೇಕು ಅಂತು. 2025ರ ಜನವರಿಯಿಂದ ದಂಡವೂ ಇದೆ. ಬ್ರಿಟನ್ನಿನಲ್ಲಿ ರಸ್ತೆ ಕೂಡುವ ಕಡೆಯಿಂದ 10 ಮೀಟರ್ ದೂರ ಅಂತ ಹೇಳ್ತಾರೆ. ಅಮೆರಿಕದ ನ್ಯೂಜೆರ್ಸಿಯ ಹೋಬೋಕೆನ್ ಅನ್ನೋ ಸಣ್ಣ ನಗರ ರಸ್ತೆ ಮೂಲೆಗಳಲ್ಲಿ ಹೀಗೆ ಗಾಡಿ ನಿಲ್ಲದಂತೆ ಮಾಡಿ ನೋಟ ತೆರವು ಮಾಡ್ತಾ ಬಂತು. 2017ರಿಂದ ಏಳು ವರ್ಷ ಅಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ವೇಗಮಿತಿ ಇಳಿಸಿದ್ದು, ಸಿಗ್ನಲ್ ಸರಿಪಡಿಸಿದ್ದು ಎಲ್ಲವೂ ಅದರಲ್ಲಿ ಸೇರಿದೆ, ಮೂಲೆ ತೆರವು ಒಂದರಿಂದಲೇ ಆಯ್ತು ಅಂತ ನಾನು ಹೇಳಲಾರೆ. ಆದರೆ ಎಲ್ಲಕ್ಕಿಂತ ಅಗ್ಗದ ಕೆಲಸ ಅದೇ.

ನಿಮ್ಮ ಲಾರಿ ಎತ್ತರದ್ದು, ಹಾಗಾಗಿ ನಾನಾದರೆ 5 ಮೀಟರಿಗೆ ಒಪ್ಪಲ್ಲ. 12 ಮೀಟರ್ ಹಿಂದಕ್ಕೆ ಹೋಗಲಿ. ಅಲ್ಲಿ ಈಗ ಏನಿದೆ?

ಟೈಲ್ಸ್ ಅಂಗಡಿ:
ಅಲ್ಲಿ ಕಾರುಗಳು ನಿಂತಿರ್ತವೆ ಸರ್, ಬೆಳಿಗ್ಗೆಯಿಂದ ಸಂಜೆತನಕ. ಅದಕ್ಕೇ ಲಾರಿ ಮುಂದಕ್ಕೆ ಬರೋದು.

ರಸ್ತೆಲೆಕ್ಕ:
ಯಾರ ಕಾರುಗಳು?

ಟೈಲ್ಸ್ ಅಂಗಡಿ:
ನಾಲ್ಕು ಕಾರು ಹಿಡಿಸುತ್ತೆ. ಎರಡು ಪಕ್ಕದ ಕಚೇರಿಯವರದ್ದು, ಒಂದು ಯಾರದ್ದೋ ಗೊತ್ತಿಲ್ಲ. ಇನ್ನೊಂದು ನನ್ನದೇ.

ಇದನ್ನ ಟೈಪ್ ಮಾಡುವಾಗಲೇ ಹೊಳೀತು. ಅಲ್ಲಿ ನಿಲ್ಲಿಸೋದು ಅಭ್ಯಾಸ ಆಗಿಬಿಟ್ಟಿದೆ, ಯೋಚನೆ ಮಾಡಿಯೇ ಇರಲಿಲ್ಲ. ನಾಳೆಯಿಂದ ಅಲ್ಲಿ ನಿಲ್ಲಿಸಲ್ಲ.

ಹತ್ತುಚಕ್ರ:
ಅಣ್ಣ, ನಾನು ಲಾರಿ ಓಡಿಸೋನು. ನಿಮ್ಮಂಥ ಅಂಗಡಿಗಳಿಗೆ ಮಾಲು ತರೋದೇ ನನ್ನ ಕೆಲಸ. ಡ್ರೈವರ್ ಕಡೆಯಿಂದಲೂ ಎರಡು ಮಾತು ಕೇಳಿ.

ರಸ್ತೆ ಮಧ್ಯೆ, ದಾಟುಪಟ್ಟಿ ಹತ್ತಿರ, ಸೈಕಲ್ ದಾರಿಯಲ್ಲಿ ನಿಲ್ಲಿಸೋಕೆ ನಮಗೇನು ಇಷ್ಟವಾ? ಬೈಗುಳ ತಿನ್ನೋರು ನಾವು, ದಂಡ ಕಟ್ಟೋರು ನಾವು. ಜಾಗ ಅಂತ ಬರೆದಿರ್ತಾರೆ, ಹೋಗಿ ನೋಡಿದ್ರೆ ಅಲ್ಲಿ ಕಾರು ನಿಂತಿರುತ್ತೆ. ಎರಡು ಸುತ್ತು ಹೊಡೀತೀವಿ. ಮೂರನೇ ಸುತ್ತಿಗೆ ಎಲ್ಲಿ ಸಿಗುತ್ತೋ ಅಲ್ಲಿ ಇಂಡಿಕೇಟರ್ ಹಾಕಿ ನಿಲ್ಲಿಸ್ತೀವಿ. ಸುತ್ತು ಹೊಡೆದಷ್ಟೂ ಬೀದಿಗೆ ಅಪಾಯ ಜಾಸ್ತಿ, ಅದು ಯಾರಿಗೂ ಕಾಣಲ್ಲ.

ಇನ್ನೊಂದು, ಜಾಗ ಗುರುತು ಮಾಡೋರು ಲಾರಿ ಉದ್ದಕ್ಕೆ ಸರಿಯಾಗಿ ಗೆರೆ ಎಳೀತಾರೆ. ಒಂಬತ್ತು ಮೀಟರ್ ಲಾರಿಗೆ ಒಂಬತ್ತು ಮೀಟರ್ ಜಾಗ. ಲಾರಿ ಏಡಿ ಥರ ಪಕ್ಕಕ್ಕೆ ನಡೆಯಲ್ಲ ಅಣ್ಣ. ಮುಂದೆ ಹಿಂದೆ ಕಾರಿದ್ರೆ ಒಳಗೆ ಹೋಗೋಕೆ ಓರೆಯಾಗಿ ಬರಬೇಕು, ಹಿಂದಿನ ಬಾಗಿಲು ಬಿಚ್ಚಬೇಕು, ಲಿಫ್ಟ್ ಇಳಿಸಬೇಕು, ಅದರ ಹಿಂದೆ ಕೈಗಾಡಿ ತಿರುಗಬೇಕು. ಅಷ್ಟಕ್ಕೆಲ್ಲ ಜಾಗ ಕೊಟ್ಟರೆ ಮೂತಿ ಹೊರಗೆ ಚಾಚಲ್ಲ, ರಿವರ್ಸ್ ಹೊಡೆಯೋ ಪ್ರಮೇಯವೂ ಬರಲ್ಲ. ರಿವರ್ಸ್ ಅಂದ್ರೆ ನನಗೆ ಈಗಲೂ ಎದೆ ಹೊಡ್ಕೊಳ್ಳುತ್ತೆ. ಕನ್ನಡಿಯಲ್ಲಿ ಎರಡು ಪಕ್ಕ ಕಾಣುತ್ತೆ, ಹಿಂದೆ ನಡುವೆ ನಿಂತಿರೋ ಮನುಷ್ಯ ಕಾಣಲ್ಲ.

ರಸ್ತೆಲೆಕ್ಕ:
ಹತ್ತುಚಕ್ರ ಅವರು ಹೇಳಿದ್ದು ಅಕ್ಷರಶಃ ನಿಜ. ಕೆಲಸದ ಜಾಗದಲ್ಲಿ ವಾಹನಗಳಿಂದ ಆಗುವ ಸಾವುಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹಿಂದಕ್ಕೆ ಚಲಿಸುವಾಗ ಆಗುತ್ತವೆ ಅಂತ ಬ್ರಿಟನ್ನಿನ ಕೆಲಸದ ಸುರಕ್ಷತೆ ಇಲಾಖೆ ಹೇಳುತ್ತೆ. ಮುಂದಿನ ನೋಟದ ವಿಷಯದಲ್ಲಿ ಲಂಡನ್ ಇನ್ನೂ ಮುಂದೆ ಹೋಗಿದೆ. 12 ಟನ್ನಿಗಿಂತ ದೊಡ್ಡ ಲಾರಿಗಳಿಗೆ, ಚಾಲಕ ತನ್ನ ಸೀಟಿನಿಂದ ಎಷ್ಟು ನೇರವಾಗಿ ನೋಡಬಲ್ಲ ಅನ್ನೋದರ ಮೇಲೆ ಸೊನ್ನೆಯಿಂದ ಐದರವರೆಗೆ ಸ್ಟಾರ್ ಕೊಡ್ತಾರೆ. 2024ರ ಅಕ್ಟೋಬರ್‌ನಿಂದ ಕನಿಷ್ಠ ಮೂರು ಸ್ಟಾರ್ ಇರಬೇಕು, ಇಲ್ಲದಿದ್ದರೆ ಕ್ಯಾಮೆರಾ, ಸೆನ್ಸರ್ ಮುಂತಾದವನ್ನ ಕೂರಿಸಿಕೊಳ್ಳಬೇಕು. ಎತ್ತರದ ಕ್ಯಾಬಿನ್‌ನಲ್ಲಿ ಕೂತವರಿಗೆ ತಮ್ಮ ಮೂತಿಯ ಕೆಳಗೇ ನಿಂತ ಮಗು ಕಾಣದೆ ಹೋಗಬಹುದು. ಆ ಹುಡುಗಿ ದಾಟುವಾಗ ಲಾರಿ ನಿಂತಿತ್ತು. ಅದೇ ಕ್ಷಣಕ್ಕೆ ಲಾರಿ ಹೊರಟಿದ್ದರೆ?

ಬಿಳಿಕೋಲು:
ನನಗೆ ಕಣ್ಣು ಕಾಣೋದಿಲ್ಲ. ಈ ಚರ್ಚೆಯನ್ನ ಫೋನ್ ಓದಿ ಹೇಳ್ತಿದೆ, ಇಷ್ಟೊತ್ತೂ ಕೇಳಿಸ್ಕೊಂಡೆ. ಎಲ್ಲರೂ ರಸ್ತೆಯ ಮಾತಾಡ್ತಿದ್ದೀರಿ, ಫುಟ್‌ಪಾತ್ ಬಗ್ಗೆಯೂ ಹೇಳಲೇಬೇಕು.

ಲಾರಿ ಹಿಂದಿನ ಲಿಫ್ಟ್ ಅಂದ್ರಲ್ಲ, ಆ ಕಬ್ಬಿಣದ ತಟ್ಟೆ. ಅದು ನೆಲಕ್ಕೆ ಇಳಿದಿದ್ದರೆ ನನ್ನ ಕೋಲಿಗೆ ತಾಗುತ್ತೆ, ನಾನು ಸುತ್ತಿ ಹೋಗ್ತೀನಿ. ಪೂರ್ತಿ ಮೇಲಿದ್ದು ಬಾಗಿಲಾಗಿ ಮುಚ್ಚಿದ್ದರೂ ತೊಂದರೆ ಇಲ್ಲ. ಆದರೆ ಮುಂದಿನ ಸರತಿ ಮಾಲಿಗೆ ಅಂತ ಅದನ್ನ ಅರ್ಧ ಎತ್ತರಕ್ಕೆ ಏರಿಸಿ ಹಾಗೇ ಬಿಟ್ಟು ಒಳಗೆ ಹೋಗಿರ್ತಾರೆ. ಕೋಲು ಅದರ ಅಡಿಯಲ್ಲಿ ಸಲೀಸಾಗಿ ತೂರಿ ಹೋಗುತ್ತೆ. ದಾರಿ ಖಾಲಿ ಅಂತ ಕೋಲು ಹೇಳುತ್ತೆ, ನಾನು ನಡೀತೀನಿ. ಎರಡು ಸಲ ಎದೆಗೆ ಬಡಿದಿದೆ. ಒಂದು ಸಲ ತುಟಿ ಒಡೆದು ಎರಡು ಹೊಲಿಗೆ ಹಾಕಿಸ್ಕೊಂಡೆ.

ಅದು ಬೇಡ ಅಂತ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದರೆ, ನಿಂತ ಲಾರಿಯ ಆಚೆ ಬದಿಯಲ್ಲಿ, ಬರೋ ಗಾಡಿಗಳ ಎದುರು ನಡೆಯಬೇಕು. ಇಂಜಿನ್ ಆನ್ ಇದ್ದರಂತೂ ಆ ಸದ್ದಿನಲ್ಲಿ ಹಿಂದಿನಿಂದ ಏನು ಬರ್ತಿದೆ ಅಂತ ಗೊತ್ತೇ ಆಗಲ್ಲ. ಗಾಲಿಕುರ್ಚಿಯವರಿಗೆ ಆ ದಾರಿಯೂ ಇಲ್ಲ, ಅವರು ವಾಪಸ್ ಹೋಗಬೇಕು.

ಟೈಲ್ಸ್ ಅಂಗಡಿಯವರೇ, ಇಷ್ಟು ಮಾಡಿ. ತಟ್ಟೆ ಒಂದೋ ನೆಲದಲ್ಲಿರಲಿ, ಇಲ್ಲ ಒಬ್ಬರು ಅದರ ಪಕ್ಕ ನಿಂತಿರಲಿ. ಇಂಜಿನ್ ಆಫ್ ಮಾಡಿಸಿ. ಪೆಟ್ಟಿಗೆಗಳನ್ನ ಫುಟ್‌ಪಾತ್ ಮೇಲೆ ಜೋಡಿಸಿ ಇಡಬೇಡಿ, ನೇರ ಒಳಗೆ ಹೋಗಲಿ. ನಾನು ಬಂದಾಗ ಕೈ ಹಿಡಿದು ಎಳೀಬೇಡಿ, 'ಲಾರಿ ನಿಂತಿದೆ, ಗೋಡೆ ಕಡೆ ಬನ್ನಿ' ಅಂತ ಬಾಯಲ್ಲಿ ಹೇಳಿ ಸಾಕು.

ಟೈಲ್ಸ್ ಅಂಗಡಿ:
ನಮ್ಮ ಹುಡುಗರು ತಟ್ಟೆಯನ್ನ ಹಾಗೇ ಬಿಡ್ತಾರೆ. ನಾನೇ ಹಾಗೆ ಬಿಡೋಕೆ ಹೇಳಿದ್ದೂ ಇದೆ, ಬೇಗ ಆಗಲಿ ಅಂತ. ಕ್ಷಮಿಸಿ. ಇದು ಇವತ್ತಿನಿಂದಲೇ ನಿಲ್ಲುತ್ತೆ.

ಓದುಗ:
ಇಷ್ಟೆಲ್ಲ ಯಾಕೆ, ರಾತ್ರಿ ಇಳಿಸಿದರೆ ಮುಗೀತಲ್ಲ?

ರಸ್ತೆಲೆಕ್ಕ:
ಇದು ಎರಡು ಸಾವಿರ ವರ್ಷದ ಹಳೇ ಉಪಾಯ. ಕ್ರಿ.ಪೂ. 45ರ ಹೊತ್ತಿಗೆ ಜೂಲಿಯಸ್ ಸೀಸರನ ಕಾಲದ ರೋಮ್‌ನಲ್ಲಿ, ಸೂರ್ಯ ಹುಟ್ಟಿದಾಗಿನಿಂದ ಸಂಜೆಯ ಹತ್ತಿರದವರೆಗೆ ಸಾಮಾನಿನ ಗಾಡಿಗಳು ಊರೊಳಗೆ ಬರುವಂತಿರಲಿಲ್ಲ. ದೇವಾಲಯ ಕಟ್ಟುವ ಸಾಮಗ್ರಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಗಲು ಬೀದಿ ಸಲೀಸಾಯ್ತು, ರಾತ್ರಿ ಗಾಡಿ ಚಕ್ರದ ಸದ್ದಿಗೆ ಜನರ ನಿದ್ದೆ ಹೋಯ್ತು. ಲಂಡನ್ನಿನಲ್ಲಿ 1985ರಿಂದ ಇದರ ಉಲ್ಟಾ ನಿಯಮ ಇದೆ: ಈಗ 18 ಟನ್ನಿಗಿಂತ ಭಾರದ ಲಾರಿಗಳು ರಾತ್ರಿ ಮತ್ತು ವಾರಾಂತ್ಯ ಮನೆಗಳಿರುವ ಬೀದಿಗಳಲ್ಲಿ ಓಡಾಡದಂತೆ ನಿರ್ಬಂಧ.

ರಾತ್ರಿ ಕೆಲಸ ಸಾಧ್ಯವೇ ಇಲ್ಲ ಅಂತಲ್ಲ. ನ್ಯೂಯಾರ್ಕ್‌ನಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಮಾಲು ಇಳಿಸುವ ಪ್ರಯೋಗ 2009ರ ಹೊತ್ತಿಗೆ ಶುರುವಾಗಿ ಮುಂದುವರಿಯಿತು. ಆದರೆ ಸದ್ದು ಹಿಡಿತದಲ್ಲಿರಬೇಕು. ನೆದರ್ಲೆಂಡ್ಸ್‌ನಲ್ಲಿ ರಾತ್ರಿ 11ರ ನಂತರದ ಕೆಲಸಕ್ಕೆ, ಏಳೂವರೆ ಮೀಟರ್ ದೂರದಲ್ಲಿ 60 ಡೆಸಿಬೆಲ್ ಮೀರದ ಲಿಫ್ಟು, ಕೈಗಾಡಿಗಳನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡ್ತಾರೆ. ಅರವತ್ತು ಅಂದರೆ ಇಬ್ಬರು ಮಾಮೂಲಿ ಮಾತಾಡುವಷ್ಟು. ಟೈಲ್ಸ್ ಪೆಟ್ಟಿಗೆ ಕಬ್ಬಿಣದ ತಟ್ಟೆ ಮೇಲೆ ಇಟ್ಟರೆ ಅಷ್ಟರಲ್ಲಿ ನಿಲ್ಲುತ್ತಾ?

ಎದುರುಮನೆ:
ನಿಲ್ಲಲ್ಲ. ನಮ್ಮನೆ ಕಿಟಕಿ ನೇರ ಎದುರಿಗಿದೆ, ಅತ್ತೆಗೆ ಮೊದಲೇ ನಿದ್ದೆ ಬರಲ್ಲ. ರಾತ್ರಿ ಬೇಡ. ಶಾಲೆ ಶುರುವಾಗೋ ಹೊತ್ತು, ಬಿಡೋ ಹೊತ್ತು ಎರಡನ್ನ ಬಿಟ್ಟು ನಡುಹಗಲಲ್ಲಿ ಮಾಡಿ.

ಹತ್ತುಚಕ್ರ:
ನಡುಹಗಲು ನಮಗೂ ಒಳ್ಳೇದು. ಆದ್ರೆ ಅಂಗಡಿಯವರು ನಿಗದಿ ಟೈಮ್ ಕೊಡಬೇಕು, ಮಾಲು ಕಳಿಸೋರಿಗೆ ಅದನ್ನ ಆರ್ಡರ್ ಹಾಕುವಾಗಲೇ ಹೇಳಬೇಕು. ಬೆಳಿಗ್ಗೆ ಗೋಡೌನ್ ಬಿಟ್ಟ ಮೇಲೆ ನನಗೆ ಫೋನ್ ಮಾಡಿ ಹೇಳಿದ್ರೆ ಏನೂ ಮಾಡೋಕಾಗಲ್ಲ. ಮಾಲು ತುಂಬೋವಾಗ ಯಾರದ್ದು ಕೊನೆಗೆ ಇಳೀಬೇಕೋ ಅದನ್ನ ಮೊದಲು ತುಂಬಿರ್ತಾರೆ, ದಾರಿ ಮಧ್ಯೆ ಸರದಿ ಬದಲಾಯಿಸೋದು ಆಗದ ಮಾತು.

ಓದುಗ:
ಹಾಗಾದ್ರೆ ಲಾರಿಯನ್ನ ಪಕ್ಕದ ರಸ್ತೆಯಲ್ಲಿ ನಿಲ್ಲಿಸಿ ಅಲ್ಲಿಂದ ಹೊತ್ತು ತರಬಹುದಲ್ಲ? ನಲವತ್ತು ಐವತ್ತು ಮೀಟರ್ ಏನು ಮಹಾ.

ಹೆಗಲು:
ನಲವತ್ತು ಮೀಟರ್ ಏನು ಮಹಾ ಅಂತ ಕೇಳಿದ್ರಿ, ಹೇಳ್ತೀನಿ. ನಾನು ಹೊರೋ ಕೆಲಸ ಮಾಡೋನು, ಇಪ್ಪತ್ತೆರಡು ವರ್ಷ ಆಯ್ತು.

ಒಂದು ಟೈಲ್ಸ್ ಪೆಟ್ಟಿಗೆ ಇಪ್ಪತ್ತೈದು, ಮೂವತ್ತು ಕೆಜಿ. ನೂರಿಪ್ಪತ್ತು ಪೆಟ್ಟಿಗೆ, ಒಂದೊಂದಾಗಿ ನಲವತ್ತು ಮೀಟರ್ ಹೊತ್ತರೆ ನಾಲ್ಕು ಸಾವಿರದ ಎಂಟುನೂರು ಮೀಟರ್ ಭಾರ ಹೊತ್ತು ನಡೆಯೋದು, ಅಷ್ಟೇ ಖಾಲಿ ಕೈಯಲ್ಲಿ ವಾಪಸ್. ಇಬ್ಬರಿದ್ದೀವಿ ಅಂದ್ರೂ ಒಬ್ಬೊಬ್ಬನಿಗೆ ಎರಡೂವರೆ ಕಿಲೋಮೀಟರ್ ಹತ್ತಿರ ಹೊರೆ. ಟೈಲ್ಸ್ ಪೆಟ್ಟಿಗೆಗೆ ಹಿಡಿ ಇರಲ್ಲ, ರಟ್ಟಿನ ಅಂಚು ಬೆರಳಿಗೆ ಕೊರೆಯುತ್ತೆ. ಹೊತ್ತವನಿಗೆ ಕಾಲ ಕೆಳಗೆ ಏನಿದೆ ಕಾಣಲ್ಲ. ಫುಟ್‌ಪಾತಿಂದ ಇಳಿಯೋ ಮೆಟ್ಟಿಲಲ್ಲಿ ಕಾಲು ಉಳುಕಿಸ್ಕೊಂಡ ಜೊತೆಗಾರರು ಎಷ್ಟು ಜನ ಬೇಕು ನಿಮಗೆ?

ದೂರ ಇದ್ರೂ ಪರವಾಗಿಲ್ಲ, ಕೈಗಾಡಿ ಓಡೋ ದಾರಿ ಕೊಡಿ. ಗಾಡಿಗೆ ಆರು ಪೆಟ್ಟಿಗೆ ಹಾಕಿದ್ರೆ ಇಪ್ಪತ್ತು ಸುತ್ತಿಗೆ ಮುಗೀತು. ಆದ್ರೆ ಲಾರಿ ನಿಲ್ಲೋ ಕಡೆ ಫುಟ್‌ಪಾತಿಗೆ ಇಳಿಜಾರು ಇರಬೇಕು. ಇಲ್ಲಾಂದ್ರೆ ನಾವು ಇಳಿಜಾರು ಹುಡುಕ್ಕೊಂಡು ದಾಟುಪಟ್ಟಿ ತನಕ ರಸ್ತೆ ಮೇಲೇ ಗಾಡಿ ತಳ್ಕೊಂಡು ಹೋಗ್ತೀವಿ. ನಮ್ಮ ಜೀವಾನೂ ಜೀವಾನೇ.

ಎದುರುಮನೆ:
ಇದು ನನ್ನ ತಲೆಗೇ ಬಂದಿರಲಿಲ್ಲ. ಬರೆದಿದ್ದಕ್ಕೆ ಧನ್ಯವಾದ ಅಣ್ಣ. ಆ ಇಳಿಜಾರು ಆದರೆ ಬಿಳಿಕೋಲು ಅವರು ಹೇಳಿದ ಗಾಲಿಕುರ್ಚಿಯವರಿಗೂ, ಕೂಸಿನ ಗಾಡಿ ತಳ್ಳೋರಿಗೂ ಆಗುತ್ತೆ.

ಕೆಂಪುಗಾಡಿ:
ಅಗ್ನಿಶಾಮಕದಲ್ಲಿದ್ದು ನಿವೃತ್ತನಾದವನು. ಜಾಗ ಗುರುತು ಮಾಡೋ ಮುಂಚೆ ರಸ್ತೆಯ ಅಗಲ ನೋಡಿ. ಲಾರಿ ನಿಂತ ಮೇಲೆ ಉಳಿಯೋ ದಾರಿ ಎಷ್ಟು? ಬ್ರಿಟನ್ನಿನ ಕಟ್ಟಡ ನಿಯಮದಲ್ಲಿ ಅಗ್ನಿಶಾಮಕ ವಾಹನಕ್ಕೆ 3.7 ಮೀಟರ್ ದಾರಿ ಕೇಳ್ತಾರೆ, ಅಮೆರಿಕದ ಬಹುಪಾಲು ಕಡೆ 20 ಅಡಿ. ಎದುರು ಬದಿಯಲ್ಲೂ ಕಾರು ನಿಂತಿದ್ದರೆ ಎರಡೂ ಕೂಡಿಸಿ ಲೆಕ್ಕ ಹಾಕಿ. ಹೈಡ್ರಂಟ್, ಅಂದರೆ ಬೆಂಕಿ ಆರಿಸೋಕೆ ನೀರು ತಗೊಳ್ಳೋ ನಲ್ಲಿ, ಇದ್ದರೆ ಅದರ ಮುಂದೆ ಒಂದು ನಿಮಿಷವೂ ಬೇಡ.

ಮತ್ತೆ ಡ್ರೈವರು ಬೀಗದ ಕೈ ಜೇಬಿಗೆ ಹಾಕಿ ದೂರ ಹೋಗಬಾರದು. ಗಾಡಿ ತೆಗೆಸೋಕೆ ಡ್ರೈವರ್ ಹುಡುಕಿಕೊಂಡು ಹೋದ ನಾಲ್ಕೈದು ನಿಮಿಷದಲ್ಲಿ ಒಂದು ಕೋಣೆಯ ಬೆಂಕಿ ಮನೆಯ ಬೆಂಕಿಯಾಗಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಟೈಲ್ಸ್ ಅಂಗಡಿ:
ರಸ್ತೆ ಒಟ್ಟು ಎಂಟೂವರೆ ಮೀಟರ್. ಲಾರಿ ಎರಡೂವರೆ ತಗೊಂಡರೆ ಆರು ಉಳಿಯುತ್ತೆ. ಎದುರು ಬದಿ ನಿಲುಗಡೆ ಇಲ್ಲ. ಹೈಡ್ರಂಟೂ ಇಲ್ಲ.

ನಾಳೆ ಕೆಂಪು ಕೋನ್ ಇಟ್ಟು ಜಾಗ ಕಾದಿರಿಸಲಾ?

ರಸ್ತೆಲೆಕ್ಕ:
ಸ್ವಂತವಾಗಿ ಇಡಬೇಡಿ. ಬೀದಿ ಅಂಗಡಿಯದ್ದಲ್ಲ, ಅನುಮತಿ ಇಲ್ಲದ ಕೋನ್‌ಗೆ ಯಾರಾದರೂ ಎಡವಿದರೆ ಹೊಣೆ ನಿಮ್ಮ ತಲೆ ಮೇಲೆ. ಬೀದಿಯವರ ಅರ್ಜಿ ಹೋಗಿರೋ ಕಚೇರಿಗೇ ಹೋಗಿ, ಎದುರುಮನೆ ಅವರನ್ನೂ ಕರ್ಕೊಂಡು ಹೋಗಿ. ಪೂರ್ತಿ ನಿಷೇಧದ ಬದಲು ಇದನ್ನ ಕೇಳಿ: ದಾಟುಪಟ್ಟಿಯಿಂದ 12 ಮೀಟರ್ ಸಂಪೂರ್ಣ ಖಾಲಿ. ಅದರ ಹಿಂದೆ ಕಾರು ನಿಲ್ಲುವ ಕಡೆ ಮಾಲು ಇಳಿಸಲು ಮಾತ್ರ ಅಂತ 15 ಮೀಟರ್, ವಾರದ ಎರಡು ದಿನ, ಹನ್ನೊಂದರಿಂದ ಎರಡರವರೆಗೆ. ಉಳಿದ ಹೊತ್ತು ಕಾರುಗಳಿಗೆ. ಹೊತ್ತು ಬರೆದ ಫಲಕ ಇರಲಿ. ಮೊದಲು ತಾತ್ಕಾಲಿಕ ಅಂತಲೇ ಕೇಳಿ, ಪ್ರಯೋಗ ಅಂದರೆ ಬೇಗ ಒಪ್ಪುತ್ತಾರೆ.

ಜಾಗ ತೆರವಿದೆಯಾ ಅಂತ ನೋಡೋರು ಯಾರು ಅನ್ನೋದನ್ನೂ ಅಲ್ಲೇ ಕೇಳಿ ಬರೆಸಿಕೊಳ್ಳಿ. ಅದಿಲ್ಲದಿದ್ದರೆ ಹತ್ತುಚಕ್ರ ಅವರು ಮತ್ತೆ ಮೂರು ಸುತ್ತು ಹೊಡೀಬೇಕಾಗುತ್ತೆ.

ಟೈಲ್ಸ್ ಅಂಗಡಿ:
ಐದು ವಾರ ಆದ ಮೇಲೆ ಬರೀತಿದ್ದೀನಿ. ಎರಡು ತಿಂಗಳ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿದೆ. ಬಣ್ಣ ಬಳಿದು ಫಲಕ ಹಾಕಿದ್ದಾರೆ. ಪಕ್ಕದ ಕಚೇರಿಯವರನ್ನ ನಾನೇ ಹೋಗಿ ಕೇಳ್ಕೊಂಡೆ, ಆ ಎರಡು ದಿನ ಕಾರು ಬೇರೆ ಕಡೆ ಹಾಕ್ತಾರೆ. ಇವತ್ತು ಮೊದಲ ಲಾರಿ ಬಂತು. ಸಲೀಸಾಗಿ ಒಳಗೆ ಹೋಯ್ತು, ಒಂದು ಸಲವೂ ರಿವರ್ಸ್ ಇಲ್ಲ. ತಟ್ಟೆ ಪಕ್ಕ ಒಬ್ಬ ಹುಡುಗ ಕೊನೇತನಕ ನಿಂತಿದ್ದ. ಐವತ್ತು ನಿಮಿಷಕ್ಕೆ ಮುಗೀತು, ಮುಂಚೆಗಿಂತ ಬೇಗ. ಇಳಿಜಾರು ಇನ್ನೂ ಆಗಿಲ್ಲ, ಸದ್ಯಕ್ಕೆ ಒಂದು ದಪ್ಪ ಹಲಗೆ ಇಟ್ಟು ಕೈಗಾಡಿ ಹತ್ತಿಸ್ತಿದ್ದೀವಿ, ಕೆಲಸ ಮುಗಿದ ಕೂಡಲೇ ತೆಗೀತೀವಿ.

ಎದುರುಮನೆ:
ಕಿಟಕಿಯಿಂದ ಪೂರ್ತಿ ನೋಡಿದೆ. ಲಾರಿ ನಿಂತಿದ್ದರೂ ದಾಟುಪಟ್ಟಿಯಲ್ಲಿ ನಿಂತವರಿಗೆ ರಸ್ತೆ ಆ ತುದಿತನಕ ಕಾಣ್ತಿತ್ತು. ತುಂಬಾ ಸಮಾಧಾನ ಆಯ್ತು.

ಆದರೆ ನಿಮ್ಮ ಲಾರಿ ಹೋಗಿ ಅರ್ಧ ಗಂಟೆಗೆ ಯಾವುದೋ ಪಾರ್ಸೆಲ್ ವ್ಯಾನ್ ಬಂದು ಖಾಲಿ ಬಿಟ್ಟಿದ್ದ ಹನ್ನೆರಡು ಮೀಟರಿನಲ್ಲೇ ನಿಲ್ತು. ಹಳೇ ಜಾಗ, ದಾಟುಪಟ್ಟಿಗೆ ಅಂಟ್ಕೊಂಡೇ. 'ಎರಡೇ ನಿಮಿಷ' ಅಂದ. ಅಷ್ಟರಲ್ಲಿ ಶಾಲೆ ಬಿಡ್ತು.

ರಸ್ತೆಲೆಕ್ಕ:
ಖಾಲಿ ಜಾಗ ಬರೀ ಬಣ್ಣದಿಂದ ಖಾಲಿ ಉಳಿಯೋದಿಲ್ಲ. ಅಲ್ಲಿ ಗಾಡಿ ನುಗ್ಗದ ಹಾಗೆ ಏನಾದರೂ ನಿಲ್ಲಿಸಬೇಕು. ಗಾಡಿ ತಾಗಿದರೆ ಬಾಗುವ ಪ್ಲಾಸ್ಟಿಕ್ ಗೂಟಗಳು, ಇಲ್ಲ ಸೈಕಲ್ ನಿಲ್ಲಿಸುವ ಕಂಬಿಗಳು. ಕಂಬಿ ಮಗುವಿನ ನೋಟಕ್ಕೆ ಅಡ್ಡ ಬರೋದಿಲ್ಲ, ವ್ಯಾನಿಗೆ ಮಾತ್ರ ಅಡ್ಡ ಬರುತ್ತೆ. ಪ್ರಯೋಗ ಮುಗಿಯೋ ಮುಂಚೆ ಎರಡನೇ ಅರ್ಜಿ ಕೊಡಿ.

ಬಿಳಿಕೋಲು:
ಗೂಟಗಳು ದಾಟುಪಟ್ಟಿಗೆ ಹೋಗೋ, ನಮ್ಮಂಥವರಿಗೆ ಕೋಲಿಗೆ ಸಿಕ್ಕಿ ದಾರಿ ತಿಳಿಸೋ ಉಬ್ಬುಗೆರೆ ಟೈಲ್ಸ್ ದಾರಿಗೆ ಬರಬಾರದು ಅಂತ ಅರ್ಜಿಯಲ್ಲಿ ಬರೀರಿ.

ಟೈಲ್ಸ್ ಅಂಗಡಿ:
ಬರೀತೀನಿ. ಕರಡು ಇವತ್ತೇ ಮಾಡ್ತೀನಿ. ಎದುರುಮನೆ ಮೇಡಂ, ಈ ಸಲ ನಾವಿಬ್ಬರೂ ಒಂದೇ ಹಾಳೆಯಲ್ಲಿ ಸಹಿ ಹಾಕೋಣವಾ?

ಎದುರುಮನೆ:
ಸಂಜೆ ಮಗನ್ನ ಕರ್ಕೊಂಡು ಅಂಗಡಿ ಹತ್ತಿರ ಬರ್ತೀನಿ. ಟೇಪ್ ತೆಗೆದಿಟ್ಟಿರಿ, ಗೂಟ ಎಲ್ಲೆಲ್ಲಿ ಬೇಕು ಅಂತ ಅವನ ಎತ್ತರಕ್ಕೆ ಬಗ್ಗಿ ನೋಡಿ ಗುರುತು ಹಾಕೋಣ.